ನೊಗದ ಬೆಲೆ, ತೊಗಲಿನ ಬೆಲೆ

ಬಳ್ಳಾರಿಯಿಂದ ತೋರಣಗಲ್ಲಿನ ದಾರಿ ಹಿಡಿದು ಕುಡತಿನಿ ದಾಟಿದರೆ, ಗುಡ್ಡಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುವ ಕಣಿವೆಯಲ್ಲಿ ಬೂದಿಯದೊಂದು ದಿಬ್ಬವಿದೆ. ಒಡೆದು ನೋಡಿದರೆ ಕೆಲವು ಕಡೆ ಆ ಬೂದಿ ಕರಗಿ, ಕಿಟ್ಟದ ಹಾಗೆ ಗಟ್ಟಿಯಾಗಿ ಕೂತಿದೆ. ಪುರಾಣ ಕಾಲದ ರಕ್ಕಸನೊಬ್ಬನನ್ನು ಸುಟ್ಟ ಚಿತೆಯಿದು ಎಂದು ಹಿರಿಯರು ಹೇಳುತ್ತಿದ್ದರು. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವ ಇಂಥದೇ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಇಂದಿಗೂ ತೋರಿಸುತ್ತಾರೆ. ಕಂಪನಿ ಕಾಲದ ವಿದ್ವಾಂಸರಿಗೂ ಇದು ಬಹಳ ದಿನ ಬಿಡಿಸಲಾಗದ ಒಗಟಾಗಿತ್ತು. ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1840ರ ದಶಕದಲ್ಲಿ ಈ ದಿಬ್ಬಗಳ ಬಗ್ಗೆ ಬರೆದ. ಜ್ವಾಲಾಮುಖಿ ಕಾರಿದ ಕಸವೆಂದವರುಂಟು, ನರಬಲಿಯ ಗುರುತೆಂದವರುಂಟು. ಭೂಗರ್ಭ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ಸೆಗಣಿಯ ಬೂದಿ, ಹಳೆಯ ಕಾಲದ ದನದ ದೊಡ್ಡಿಗಳ ಬೂದಿ ಎಂದು ಗುರುತಿಸಿದ. 1957ರಲ್ಲಿ ಎಫ್. ಆರ್. ಆಲ್ಚಿನ್ ಮೆಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದಾಗ, ಬೂದಿಯ ಪದರಗಳ ನಡುವೆ ಬೇಲಿಗೆ ನೆಟ್ಟ ಗೂಟಗಳ ಕುಳಿಗಳು ಕಂಡವು, ದನಗಳ ಗೊರಸಿನ ಗುರುತುಗಳು ಕಂಡವು. ಅಂದಿಗೆ ವಾದ ಮುಗಿಯಿತು.

ಹಾಗಾದರೆ ಬಳ್ಳಾರಿ ಸೀಮೆಯ ಮೊದಲ ದೊಡ್ಡ ಕಟ್ಟಡ ಕೋಟೆಯಲ್ಲ, ಗುಡಿಯಲ್ಲ, ದನದ ದೊಡ್ಡಿ. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆಯೇ ಇಲ್ಲಿಯ ಮಂದಿ ನೂರಾರು ದನಗಳನ್ನು ಒಂದೇ ಬೇಲಿಯೊಳಗೆ ಕೂಡುತ್ತಿದ್ದರು. ವರ್ಷದ ಸೆಗಣಿ ಮೊಣಕಾಲುದ್ದ ಬೆಳೆದಾಗ ಅದಕ್ಕೆ ಬೆಂಕಿಯಿಕ್ಕುತ್ತಿದ್ದರು. ಆ ಬೆಂಕಿ ಬರಿಯ ಸ್ವಚ್ಛತೆಯ ಕೆಲಸವಲ್ಲ, ಋತು ಹೊರಳುವಾಗಿನ ಹಬ್ಬವೂ ಇದ್ದಿರಬೇಕು ಎಂಬುದು ಆಲ್ಚಿನ್ನರ ಊಹೆ. ಹೋಳಿಯ ಬೆಂಕಿ ಕಂಡವರಿಗೆ, ಸಂಕ್ರಾಂತಿಯ ಕಿಚ್ಚಿನ ಮೇಲೆ ದನ ಹಾಯಿಸುವುದನ್ನು ಬಲ್ಲವರಿಗೆ ಆ ಊಹೆ ದೂರದ್ದೆನಿಸದು. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಬಂಡೆಗಳ ಮೇಲೆ ಇಣಿ ಎತ್ತಿದ, ಉದ್ದ ಕೊಂಬಿನ ಗೂಳಿಗಳನ್ನು ಕುಟ್ಟಿ ಮೂಡಿಸಿದವರು ಅವರೇ. ಸಿರುಗುಪ್ಪದ ಕಡೆಗೆ ತೆಕ್ಕಲಕೋಟೆಯ ಗುಡ್ಡದ ಮೇಲೆ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಗೆಸಿದಾಗ ಹೊರಬಂದದ್ದೂ ಅದೇ ದನಗಾಹಿಗಳ ನೆಲೆ. ಅವರು ದನವನ್ನು ಸಾಕಿದರು, ಹಾಲು ಕರೆದರು, ಮಾಂಸವನ್ನೂ ಉಂಡರು. ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬದ ಪಕ್ಕದಲ್ಲಿ ಕೆ. ಪದ್ದಯ್ಯನವರು ದನ ಕೊಯ್ದು ಪಾಲು ಹಾಕುತ್ತಿದ್ದ ಅಂಗಳವನ್ನೇ ಪತ್ತೆ ಹಚ್ಚಿದರು. ಎಲುಬಿನ ಮೇಲಿನ ಕೊಯ್ತದ ಗೆರೆಗಳು ಸುಳ್ಳು ಹೇಳುವುದಿಲ್ಲ.

ಈ ಸೀಮೆಯಲ್ಲಿ ದನಕ್ಕೆ ಅಂದಿನಿಂದಲೂ ಎರಡು ಬೆಲೆ. ಬದುಕಿದ್ದಾಗಿನ ಬೆಲೆ ಒಂದು, ಮಾಂಸ ತೊಗಲಿನ ಬೆಲೆ ಇನ್ನೊಂದು. ನೇಗಿಲು ಬಂದ ಮೇಲೆ ಮೊದಲನೆಯದು ನೊಗದ ಬೆಲೆಯಾಗಿ ಬಹಳ ಮೇಲಕ್ಕೇರಿತು. ಮಳೆ ಹೊಯ್ದ ವರ್ಷ ಇವೆರಡರ ನಡುವೆ ಅಜಗಜಾಂತರ. ಬರ ಬಿದ್ದ ವರ್ಷ ನೊಗದ ಬೆಲೆ ಇಳಿದು ಇಳಿದು ತೊಗಲಿನ ಬೆಲೆಯನ್ನು ಮುಟ್ಟುತ್ತದೆ. ಬಳ್ಳಾರಿಯ ಬರಗಳ ಚರಿತ್ರೆಯನ್ನು ಕಾಳಿನ ಧಾರಣೆಯಿಂದ ಬರೆದವರು ಬಹಳ ಮಂದಿ. ಈ ಎರಡು ಬೆಲೆಗಳ ನಡುವಿನ ಅಂತರದಿಂದ ಬರೆದರೆ ಆ ಚರಿತ್ರೆ ಇನ್ನೂ ನಿಚ್ಚಳವಾಗಿ ಕಾಣುತ್ತದೆಂದು ನನ್ನ ನಂಬಿಕೆ.

ಕುರುಗೋಡು, ಸಿರುಗುಪ್ಪ, ಬಳ್ಳಾರಿಗಳ ಈ ನೆಲಕ್ಕೆ ಶಾಸನಗಳಲ್ಲಿ ಬಲ್ಲಕುಂದೆ ನಾಡೆಂದು ಹೆಸರು. ಕುರುಗೋಡಿನಿಂದ ಆಳಿದವರು ಸಿಂದರು. ಅಂದಿನ ಕನ್ನಡ ನಾಡಿನಲ್ಲಿ ಸಂಪತ್ತೆಂದರೆ ತುರು. ಒಂದು ಊರಿನ ಮೇಲೆ ಹಗೆ ತೀರಿಸುವುದೆಂದರೆ ಅದರ ತುರು ಕವಿಯುವುದು, ಊರಿನ ಮಾನ ಉಳಿಸುವುದೆಂದರೆ ತುರುವನ್ನು ಮರಳಿಸಿ ತಂದು ಮಡಿಯುವುದು. ನಾಡಿನುದ್ದಕ್ಕೂ ನಿಂತಿರುವ ತುರುಗೋಳಿನ ವೀರಗಲ್ಲುಗಳು ಇದಕ್ಕೇ ಸಾಕ್ಷಿ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಹನ್ನೆರಡು ಅಡಿಯಷ್ಟು ಎತ್ತರದ ಏಕಶಿಲೆಯ ಬಸವನಿದ್ದಾನೆ. ಫಾಲ್ಗುಣದ ತೇರಿಗೆ ಸುತ್ತಲ ಹಳ್ಳಿಗಳ ಒಕ್ಕಲಿನವರು ಬಂಡಿ ಕಟ್ಟಿಕೊಂಡು ಬಂದು, ಎತ್ತುಗಳ ಕೊರಳು ಬಿಚ್ಚಿ, ಮೊದಲು ಆ ಕಲ್ಲಬಸವನಿಗೆ ಕೈಮುಗಿಯುತ್ತಾರೆ.

ವಿಜಯನಗರದ ಕಾಲಕ್ಕೆ ದನದ ಕೆಲಸ ಬಂಡಿಗೂ ಹೇರಿಗೂ ಹಬ್ಬಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯಸ್, ಹೇರೆತ್ತುಗಳ ಸಾಲು ರಾಜಧಾನಿಗೆ ಎಡೆಬಿಡದೆ ಬರುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಊರಿನಲ್ಲಿ ಬಗೆಬಗೆಯ ಮಾಂಸ ಮಾರುತ್ತಿದ್ದರೂ ಎತ್ತು ಹಸುಗಳನ್ನು ಕೊಲ್ಲುತ್ತಿರಲಿಲ್ಲ, ಪೂಜಿಸುತ್ತಿದ್ದರು ಎಂದೂ ಹೇಳುತ್ತಾನೆ. ಅದೇ ಅರಸರು ತುಂಗಭದ್ರೆಗೆ ಅಡ್ಡಗಟ್ಟೆ ಹಾಕಿ ಕಾಲುವೆ ತೆಗೆದರು. ಸಿರುಗುಪ್ಪದ ಕಾಲುವೆ, ದೇಶನೂರಿನ ಕಾಲುವೆ ಆ ಕಾಲದವೇ. ಸುತ್ತಲಿನ ಎರೆ ಭೂಮಿ ಬಿರುಕು ಬಿಟ್ಟು ಬಾಯಾರಿ ನಿಂತಾಗಲೂ ಸಿರುಗುಪ್ಪದ ಬಯಲಿನಲ್ಲಿ ಒಂದಿಷ್ಟು ಹಸಿರು ಉಳಿಯುತ್ತಿದ್ದುದು ಅವುಗಳಿಂದ. ಬರದ ವರ್ಷ ಮಸಾರಿ ನೆಲದ ದನಗಳು ಅತ್ತ ಹೊರಳುತ್ತಿದ್ದವು. ಇಲ್ಲವೆ ಸಂಡೂರಿನ ಗುಡ್ಡ ಹತ್ತುತ್ತಿದ್ದವು, ಇನ್ನೂ ಗತಿಯಿಲ್ಲದಿದ್ದರೆ ಮೈಸೂರು ಸೀಮೆಯ ಕಾವಲುಗಳ ಕಡೆಗೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಏಳು ವರ್ಷ ಇಲ್ಲಿ ಕಲೆಕ್ಟರನಾಗಿದ್ದವನು ಥಾಮಸ್ ಮನ್ರೋ. ಪಾಳೆಯಗಾರರ ಕಾಳಗಗಳಲ್ಲಿ ಬೀಡುಬಿದ್ದ ಹೊಲಗಳನ್ನು ಮತ್ತೆ ಉಳುಮೆಗೆ ತರಬೇಕಾಗಿತ್ತು. ಅದಕ್ಕೆ ಬೀಜಕ್ಕೂ ಎತ್ತಿಗೂ ತಗಾವಿ ಸಾಲ ಹಂಚಿದರು. ಎರೆ ಭೂಮಿಯ ಒಕ್ಕಲುತನ ಒಂದು ಜೋಡಿಯ ಕೆಲಸವಲ್ಲ. ಕರಿಕೆಯ ಬೇರು ಮೊಳದುದ್ದ ಇಳಿದ ಹೊಲವನ್ನು ಮಗುಚಲು ದೊಡ್ಡ ಮಡಿಕೆ ಹೂಡಬೇಕು. ಅದಕ್ಕೆ ನಾಲ್ಕು ಜೋಡಿ, ಆರು ಜೋಡಿ ಎತ್ತು ಒಂದರ ಹಿಂದೊಂದು ಕಟ್ಟಬೇಕು. ಒಬ್ಬ ರೈತನ ಹಟ್ಟಿಯಲ್ಲಿ ಅಷ್ಟು ಎಲ್ಲಿಂದ ಬಂದಾವು? ಓಣಿಯವರೆಲ್ಲ ತಮ್ಮ ಎತ್ತು ತಂದು ಮುಯ್ಯಾಳಿನ ಲೆಕ್ಕದಲ್ಲಿ ಸರದಿಯಂತೆ ಉಳುತ್ತಿದ್ದರು. ಒಬ್ಬನ ಎತ್ತು ಸತ್ತರೆ ಆರು ಮನೆಯ ಹೊಲಕ್ಕೆ ಪೆಟ್ಟು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಕಥೆ ಓದಬೇಕು.

ಆ ಕಾಲದ ಮನೆಗಳನ್ನು ಕಂಡವರಿಗೆ ದನ ಮತ್ತು ಮನುಷ್ಯರ ನಂಟು ಎಂಥದೆಂದು ಹೇಳಬೇಕಾಗಿಲ್ಲ. ಮಣ್ಣಿನ ಮಾಳಿಗೆ, ಒಂದೇ ತಲೆಬಾಗಿಲು. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ದನದ ಅಂಕಣ, ಗೋಡೆಗುಂಟ ಗ್ವಾದಲಿ. ಅದರಿಂದ ಒಂದು ಮೆಟ್ಟಿಲು ಮೇಲೆ ಮನುಷ್ಯರ ಕಟ್ಟೆ. ರಾತ್ರಿ ಮಲಗಿದವರಿಗೆ ಎತ್ತು ಮೆಲುಕು ಹಾಕುವ ಸದ್ದು ಕೇಳುತ್ತಿರಬೇಕು. ಆ ಸದ್ದು ನಿಂತರೆ ಯಜಮಾನ ಎದ್ದು ಕೂರುತ್ತಿದ್ದ. ಕಾರಹುಣ್ಣಿಮೆಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯಲು ಊರ ಅಗಸೆಗೆ ಹೊಡೆದುಕೊಂಡು ಹೋಗುವಾಗ ಮನೆಯ ಹೆಣ್ಣುಮಕ್ಕಳು ಆರತಿ ಎತ್ತುತ್ತಿದ್ದರು.

ಎಲ್ಲರಿಗೂ ಒಳ್ಳೆಯ ಎತ್ತು ದಕ್ಕುತ್ತಿರಲಿಲ್ಲ. ಊರಿನ ನಾಟಿ ದನ ಗಿಡ್ಡ, ಬಡಕಲು. ಉಳ್ಳವರು ಮೈಸೂರು ಸೀಮೆಯ ಎತ್ತು, ಇಲ್ಲವೆ ನೆಲ್ಲೂರು ಸೀಮೆಯ ಬಿಳಿಯ, ಭಾರಿ ಮೈಕಟ್ಟಿನ ಎತ್ತು ಕಟ್ಟುತ್ತಿದ್ದರು. ನೆಲ್ಲೂರಿನ ದನದ ವ್ಯಾಪಾರಿಗಳು ಬೇಸಗೆಯಲ್ಲಿ ಹೋರಿಗರುಗಳ ಮಂದೆ ಹೊಡೆದುಕೊಂಡು ಊರೂರಿಗೆ ಬರುತ್ತಿದ್ದರು. ಹಣ ಅಂದೇ ಎಣಿಸಬೇಕೆಂದಿಲ್ಲ, ಕಂತಿನ ಮೇಲೆ ಬಿಟ್ಟುಹೋಗುತ್ತಿದ್ದರು. ಸುಗ್ಗಿಯ ಮೇಲೆ ಬಂದು ವಸೂಲು ಮಾಡುತ್ತಿದ್ದರು. ಬ್ಯಾಂಕು, ಸೊಸೈಟಿ ಒಂದೂ ಇಲ್ಲದ ಕಾಲದಲ್ಲಿ ಎರೆ ಭೂಮಿಗೆ ಬಲವಾದ ಎತ್ತು ಬಂದದ್ದು ಬಹುಪಾಲು ಇಂಥ ನಂಬಿಕೆಯ ಸಾಲದಿಂದ. ವ್ಯವಹಾರದ ರೀತಿ ಹೀಗೆ: ದಲ್ಲಾಳಿ ಮೊದಲು ಹೋರಿಯ ದವಡೆ ಹಿಡಿದು ಬಾಯಿ ತೆರೆಸುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿ ಕೂಡಿದೆಯೋ ನೋಡುತ್ತಾನೆ. ಆಮೇಲೆ ನೆತ್ತಿಯ ಮೇಲಿನ, ಬೆನ್ನ ಮೇಲಿನ ಸುಳಿ ನೋಡುತ್ತಾನೆ. ಕೆಟ್ಟ ಸುಳಿಯಿದ್ದರೆ ಬಂಗಾರದಂಥ ಎತ್ತನ್ನೂ ಮನೆಗೆ ತರುತ್ತಿರಲಿಲ್ಲ. ಕೊನೆಗೆ ಮಾರುವವನ ಕೈಯನ್ನು ತನ್ನ ವಲ್ಲಿಯೊಳಗೆ ಎಳೆದುಕೊಂಡು ಬೆರಳು ಒತ್ತುತ್ತಾನೆ. ಹಿಡಿದ ಬೆರಳೆಷ್ಟು, ಒತ್ತಿದ ಗೆಣ್ಣು ಯಾವುದು ಎಂಬುದರಲ್ಲಿ ರೂಪಾಯಿಯ ಲೆಕ್ಕ. ಸುತ್ತ ನಿಂತ ಐವತ್ತು ಮಂದಿಗೆ ಅವರ ಮುಖ ಕಾಣುತ್ತದೆ, ಬೆಲೆ ತಿಳಿಯುವುದಿಲ್ಲ.

ಬಳ್ಳಾರಿ ಊರಿನಲ್ಲಿ ಮಾತ್ರ ಇನ್ನೊಂದು ತಕ್ಕಡಿ ಇತ್ತು. ಕೋಟೆಯ ಬುಡದಲ್ಲಿ ಇಂಗ್ಲಿಷರು ದಂಡಿನ ಪ್ರದೇಶ ಕಟ್ಟಿದರು. ಕೌಲ್ ಬಜಾರ್, ಬ್ರೂಸ್‌ಪೇಟೆಗಳು ಬೆಳೆದವು. ಗೋರಾ ಸಿಪಾಯಿಗೆ ದಿನಕ್ಕೊಂದು ಪೌಂಡು ಮಾಂಸದ ಪಡಿ ಕಟ್ಟಿದ್ದರು. ಸಾವಿರ ಮಂದಿಯ ಪಡೆಗೆ ದಿನವೂ ನಾಲ್ಕೈದು ದನ ಬೇಕೆಂದು ಯಾರಾದರೂ ಲೆಕ್ಕ ಹಾಕಬಹುದು. ಗುತ್ತಿಗೆದಾರರು ಸಂತೆಗಳಲ್ಲಿ ಮುದಿ ಎತ್ತು, ಗೊಡ್ಡು ಹಸು ಕೊಳ್ಳುತ್ತಿದ್ದರು. ಫಿರಂಗಿ ಎಳೆಯಲು, ಸಾಮಾನು ಹೊರಲು ಇದೇ ದಂಡಿಗೆ ಅತ್ಯುತ್ತಮ ಎತ್ತುಗಳೂ ಬೇಕಾಗಿದ್ದವು. ಅವುಗಳ ತವರು ಮೈಸೂರಿನ ಅಮೃತ ಮಹಲ್. ಚಿಕ್ಕದೇವರಾಜರ ಕಾಲದ ಬೆಣ್ಣೆ ಚಾವಡಿಯಾಗಿ ಹುಟ್ಟಿ, ಟಿಪ್ಪುವಿನಿಂದ ಆ ಹೆಸರು ಪಡೆದ ಈ ಸಂಸ್ಥೆ ನಮ್ಮ ನಾಡು ಕಂಡ ಅತಿ ದೊಡ್ಡ ದನಪಾಲನೆಗಳಲ್ಲೊಂದು. ಮೇವಿಗೆ ಮೀಸಲಾದ ಕಾವಲುಗಳು ಚಿತ್ರದುರ್ಗದ ಬಯಲಿನವರೆಗೆ, ಅಂದರೆ ಬಳ್ಳಾರಿಯ ಗಡಿಯ ಹತ್ತಿರದವರೆಗೆ ಹಬ್ಬಿದ್ದವು. ಮಳೆಗಾಲಕ್ಕೊಂದು ಕಾವಲು, ಚಳಿಗೊಂದು, ಬೇಸಗೆಗೊಂದು ಎಂದು ಹಿಂಡು ಸರಿಯುತ್ತಿತ್ತು. ಖರ್ಚು ಉಳಿಸುವ ಹಟದಲ್ಲಿ ಸರಕಾರ 1860ರಲ್ಲಿ ಆ ಹಿಂಡುಗಳನ್ನೆಲ್ಲ ಹರಾಜು ಹಾಕಿತು. ಒಳ್ಳೆಯ ಎತ್ತು ಎಲ್ಲಿಯೂ ಸಿಗದೆ, 1866ರಲ್ಲಿ ಮತ್ತೆ ಕೂಡಿಸತೊಡಗಿತು. ತಲೆಮಾರುಗಳ ಆಯ್ಕೆಯಿಂದ ಬೆಳೆದ ತಳಿಯನ್ನು ಒಂದು ದಿನದ ಹರಾಜಿನಲ್ಲಿ ಚೆಲ್ಲಬಹುದು, ಮತ್ತೆ ಕಟ್ಟಲು ತಲೆಮಾರುಗಳೇ ಬೇಕು.

ಹಳ್ಳಿಗಳಲ್ಲಿ ಸತ್ತ ದನದ ತೊಗಲಿಗೆ ಒಂದು ಕಟ್ಟುಪಾಡಿತ್ತು. ಸತ್ತ ದನವನ್ನು ಹೊತ್ತೊಯ್ಯುವ ಹೊಣೆ ಮಾದಿಗ ಸಮುದಾಯದ್ದು, ತೊಗಲಿನ ಹಕ್ಕೂ ಅವರದೇ. ಪ್ರತಿಯಾಗಿ ಅವರು ರೈತನಿಗೆ ಕಪಿಲೆಯ ಬಾನಿ, ಬಾರುಕೋಲಿನ ಬಾರು, ಮಿಣಿ, ಕಾಲಿನ ಮೆಟ್ಟು ಮಾಡಿಕೊಡಬೇಕು. ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಅವರ ಕೈಯಿಂದ ಬರದಿದ್ದರೆ ತೋಟ ಒಣಗುತ್ತಿತ್ತು. ಊರಿನ ಒಕ್ಕಲುತನ ನಿಂತದ್ದೇ ಆ ಕೈಗಳ ಮೇಲೆ. ಆದರೂ ಊರು ಅವರನ್ನು ಹೊರಗಿಟ್ಟಿತು. ಈ ಅನ್ಯಾಯವನ್ನು ಹೇಳದೆ ಈ ಸೀಮೆಯ ದನದ ಕಥೆ ಹೇಳಿದರೆ ಅದು ಅರ್ಧ ಕಥೆ.

ಆ ಕಟ್ಟುಪಾಡನ್ನು ಅಲುಗಿಸಿದ್ದು ಮದರಾಸಿನ ಚರ್ಮದ ಪೇಟೆ. ಬಳ್ಳಾರಿಯ ಮಸಾರಿ ನೆಲದಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಎಲ್ಲೆಲ್ಲೂ ಇದೆ. ಅದರ ತೊಗಟೆಯಲ್ಲಿ ತೊಗಲು ಹದ ಮಾಡುವ ಕಸುಬು ಹಳೆಯದು. 1840ರ ದಶಕದಿಂದೀಚೆಗೆ ಮದರಾಸಿನಲ್ಲಿ ಆ ಕಸುಬು ಸುಧಾರಿಸಿ, ಹದ ಮಾಡಿದ ತೊಗಲು ಹಡಗು ಹತ್ತಿ ಲಂಡನ್ನಿನ ಬರ್ಮಂಡ್ಸಿ ಪೇಟೆಗೆ ಹೋಗತೊಡಗಿತು. ಯುರೋಪಿನಲ್ಲಿ ಯುದ್ಧ ನಡೆದರೆ ಬೂಟಿಗೆ ಬೇಡಿಕೆ, ಬೂಟಿಗೆ ಬೇಡಿಕೆ ಬಂದರೆ ನಮ್ಮ ಹಳ್ಳಿಯ ತೊಗಲಿಗೆ ಬೆಲೆ. ರೈಲು ಗುಂತಕಲ್ಲಿನಿಂದ ಬಳ್ಳಾರಿಗೆ ಬಂದ ಮೇಲೆ ಈ ದೂರ ಇನ್ನೂ ಹತ್ತಿರವಾಯಿತು. ಬಾನಿಗೂ ಮೆಟ್ಟಿಗೂ ಮೀಸಲಾಗಿದ್ದ ತೊಗಲು ರೂಪಾಯಿಯ ಸರಕಾಯಿತು.

ಹೀಗೆ ಎರಡು ತಕ್ಕಡಿಗಳೂ ಸಿದ್ಧವಾಗಿದ್ದಾಗ 1876ರ ಧಾತು ಸಂವತ್ಸರ ಬಂತು.

ಬಳ್ಳಾರಿಗೆ ಮಳೆಯೇ ಕಡಿಮೆ, ವರ್ಷಕ್ಕೆ ಇಪ್ಪತ್ತು ಇಂಚಿನ ಆಸುಪಾಸು. 1854ರ ಬರವನ್ನೂ 1866ರ ಬರವನ್ನೂ ಕಂಡ ಮುದುಕರು ಇನ್ನೂ ಬದುಕಿದ್ದರು. 1876ರಲ್ಲಿ ಮುಂಗಾರು ಕೈಕೊಟ್ಟಾಗ ಅವರು ಹಿಂಗಾರನ್ನು ನೆಚ್ಚಿದರು. ಎರೆ ಭೂಮಿಯ ಬಿಳಿಜೋಳಕ್ಕೆ ಉತ್ತರಿ, ಹಸ್ತ, ಚಿತ್ತಿಯ ಮಳೆಯೇ ಜೀವ. ಆ ಮಳೆಗಳೂ ಬರಲಿಲ್ಲ. ಜೋಳವಿಲ್ಲವೆಂದರೆ ಸೊಪ್ಪೆಯೂ ಇಲ್ಲ. ಕಣದ ಮಗ್ಗುಲಲ್ಲಿ ಬಣವೆ ಏಳಬೇಕಾದ ಜಾಗ ಬಯಲಾಗಿಯೇ ಉಳಿಯಿತು. ಮನುಷ್ಯನ ಬರಕ್ಕೂ ದನದ ಬರಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ತಿಳಿಯುತ್ತದೆ. ಕಾಳನ್ನು ಬಂಗಾಳದಿಂದ, ಬರ್ಮಾದಿಂದ ಹಡಗಿನಲ್ಲಿ ತಂದು ಮದರಾಸಿನ ದಂಡೆಗೆ ಸುರಿದರು, ರೈಲಿನಲ್ಲಿ ಬಳ್ಳಾರಿಗೆ ಕಳಿಸಿದರು. ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಸರಕಾರ ಮೂವತ್ತು ಸಾವಿರ ಟನ್ ಕಾಳನ್ನು ಗುಟ್ಟಾಗಿ ಕೊಂಡು ತರಿಸಿತು. ವೈಸರಾಯ್ ಲಿಟ್ಟನ್ನನ ಸಿಟ್ಟಿಗೂ ಗುರಿಯಾಯಿತು. ದನಕ್ಕೆ ಬೇಕಾದದ್ದು ಸೊಪ್ಪೆ. ಸೊಪ್ಪೆ ಹಾಗೆ ಬರಲಿಲ್ಲ.

ಮೊದಮೊದಲು ರೈತರು ದನ ಹೊಡೆದುಕೊಂಡು ಗುಡ್ಡ ಸೇರಿದರು, ನದಿಯ ದಂಡೆ ಸೇರಿದರು. ಸುತ್ತಲ ಜಿಲ್ಲೆಗಳಿಗೂ ಮೈಸೂರಿಗೂ ಅದೇ ಬರ ಬಡಿದಿತ್ತು, ಕಾವಲುಗಳೂ ಬೋಳಾಗಿದ್ದವು. ಹಿಂದಿರುಗಿದವರು ಮರದ ಸೊಪ್ಪು ತರಿದು ಹಾಕಿದರು, ಗುಡಿಸಿಲ ಸೂರಿನ ಹಳೆಯ ಹುಲ್ಲನ್ನು ಕಿತ್ತು ಗ್ವಾದಲಿಗೆ ಹಾಕಿದರು. ಮಳೆಗೆ ಮನೆ ಸೋರುತ್ತದೆಂಬ ಚಿಂತೆ ಆಗ ಯಾರಿಗಿತ್ತು? ಅದೂ ತೀರಿದ ಮೇಲೆ ಆಯ್ಕೆ ಎರಡೇ. ಎತ್ತು ಕಣ್ಣ ಮುಂದೆ ಸಾಯಲು ಬಿಡುವುದು, ಇಲ್ಲವೆ ಕೊಟ್ಟಷ್ಟಕ್ಕೆ ಕೊಡುವುದು. ನೆಲ್ಲೂರಿನವನ ಕಂತು ಇನ್ನೂ ತೀರದ ಎತ್ತುಗಳೂ ಹಾಗೆಯೇ ಕೈಬಿಟ್ಟವು. ಕೊಳ್ಳುವವರು ಒಬ್ಬರೋ ಇಬ್ಬರೋ, ಮಾರುವವರು ಊರಿಗೆ ಊರೇ. ನೊಗದ ಬೆಲೆ ತೊಗಲಿನ ಬೆಲೆಯನ್ನು ಮುಟ್ಟಿತು. ಮದರಾಸ್ ಬಂದರಿನಿಂದ ಹೊರಟ ಚರ್ಮದ ರಾಶಿ ಆ ಬರದ ವರ್ಷಗಳಲ್ಲಿ ಏರಿತು. ಬಂದರಿನ ಲೆಕ್ಕದಲ್ಲಿ ಅದು ವ್ಯಾಪಾರದ ಏಳಿಗೆಯಾಗಿ ನಮೂದಾಯಿತು. ಆ ಅಂಕಿಯ ಹಿಂದೆ ಎಷ್ಟು ಮನೆಗಳ ಅಂಕಣ ಬರಿದಾಗಿತ್ತೆಂಬುದನ್ನು ಆ ಪುಸ್ತಕ ಹೇಳುವುದಿಲ್ಲ.

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ವೈಸರಾಯನ ಕಡೆಯಿಂದ ಬರದ ಪ್ರತಿನಿಧಿಯಾಗಿ ಬಂದ. ಬರಪರಿಹಾರದ ಕಾಮಗಾರಿಯಲ್ಲಿ ದುಡಿವ ಗಂಡಾಳಿಗೆ ದಿನಕ್ಕೊಂದು ಪೌಂಡು ಕಾಳು, ಮೇಲೆ ಅರ್ಧ ಆಣೆಯಷ್ಟು ಪುಡಿಗಾಸು ಸಾಕೆಂದು ಕೂಲಿ ಇಳಿಸಿದ. ಆರೋಗ್ಯ ಕಮಿಷನರ್ ಕಾರ್ನಿಷ್ ಇದರಲ್ಲಿ ಮನುಷ್ಯ ಬದುಕಲಾರನೆಂದು ಪ್ರತಿಭಟಿಸಿದ, ತಿಂಗಳುಗಳ ಮೇಲೆ ಕೂಲಿ ಏರಿತು. ಈ ವಾದದ ಉದ್ದಕ್ಕೂ ಎತ್ತಿನ ಹೆಸರು ಅಪರೂಪ. ಕೂಲಿಗೆ ಹೋಗಬೇಕಾದರೆ ರೈತ ಮನೆ ಬಿಡಬೇಕು, ಮನೆ ಬಿಟ್ಟರೆ ಎತ್ತಿಗೆ ನೀರು ಕುಡಿಸುವವರಿಲ್ಲ. ಎತ್ತಿದ್ದವನು ಕಡೆಯ ದಿನದವರೆಗೂ ಕಾಮಗಾರಿಗೆ ಹೋಗದೆ ಊರಿನಲ್ಲೇ ಉಳಿದ. ಅವನು ಬಂದಾಗ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಇನ್ನೂ ಕ್ರೂರವಾದ ಗಂಟು ಒಂದಿತ್ತು: ರೈಲು ನಿಲ್ದಾಣದವರೆಗೆ ಬಂದ ಕಾಳನ್ನು ಹಳ್ಳಿಗೆ ಹೊರಬೇಕಾದದ್ದು ಎತ್ತಿನ ಬಂಡಿ. ಎತ್ತು ಸತ್ತಿದ್ದವು. ಮೂಟೆಗಳು ನಿಲ್ದಾಣದಲ್ಲಿ ಬಿದ್ದಿದ್ದಾಗ ಹತ್ತು ಹರಿದಾರಿ ಆಚೆ ಮಂದಿ ಸಾಯುತ್ತಿದ್ದರು. ದನದ ಬರವೇ ಮನುಷ್ಯನ ಬರವಾದದ್ದು ಹೀಗೆ.

ಬಳ್ಳಾರಿಯ ಸಭಾಪತಿ ಮುದಲಿಯಾರರಂಥ ಸಾಹುಕಾರರು ತಮ್ಮ ಸ್ವಂತ ಖರ್ಚಿನಲ್ಲಿ ಹಸಿದವರಿಗೆ ಅನ್ನವಿಕ್ಕಿದ ನೆನಪು ಈ ಊರಿಗೆ ಗೌರವ ತರುವಂಥದು. ಆದರೂ 1871ರ ಜನಗಣತಿಗೂ 1881ರದಕ್ಕೂ ನಡುವೆ ಬಳ್ಳಾರಿ ಸೀಮೆಯಲ್ಲಿ ಐದರಲ್ಲೊಂದು ಪಾಲು ಜನ ಕಡಿಮೆಯಾದರು.

1877ರ ಸೆಪ್ಟೆಂಬರಿನಲ್ಲಿ ಕೊನೆಗೂ ಮಳೆ ಬಂತು. ಈಶ್ವರ ಸಂವತ್ಸರ ನಡೆಯುತ್ತಿತ್ತು. ಎರೆ ಹದಗೊಂಡಿತು, ಕೂರಿಗೆ ಹೂಡಲು ಎತ್ತಿಲ್ಲ. ನಾಲ್ಕಾರು ಜೋಡಿ ಕೇಳುವ ದೊಡ್ಡ ಮಡಿಕೆಯ ಮಾತಂತೂ ದೂರವೇ ಉಳಿಯಿತು. ಅಳಿದುಳಿದ ಎತ್ತಿನ ಬೆಲೆ ಆಕಾಶಕ್ಕೇರಿತು. ವರ್ಷದ ಹಿಂದೆ ತೊಗಲಿನ ಬೆಲೆಗೆ ಮಾರಿದವನು ಅದರ ಎಷ್ಟೋ ಪಾಲು ಕೊಟ್ಟು ಕೊಳ್ಳಬೇಕಾದರೂ ಕೈಯಲ್ಲಿ ಕಾಸಿರಲಿಲ್ಲ. ಆ ಹೊತ್ತಿಗೆ ಲಂಡನ್ನಿನ ಮೇಯರ್ ಎತ್ತಿದ ಮ್ಯಾನ್ಷನ್ ಹೌಸ್ ನಿಧಿ ಆರೂವರೆ ಲಕ್ಷ ಪೌಂಡಿಗೂ ಮಿಕ್ಕಿ ಕೂಡಿತು. ಮದರಾಸಿನ ಸಮಿತಿಗೆ ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿ ಕಾರ್ಯದರ್ಶಿ. ಆ ಹಣದಲ್ಲಿ ರೈತರಿಗೆ ಬೀಜ, ಉಳುವ ಎತ್ತು, ಕಿತ್ತುಹೋದ ಸೂರಿನ ಹುಲ್ಲು ಕೊಡಿಸಿದರು. ಇಡೀ ಬರದ ಆಡಳಿತದಲ್ಲಿ ರೈತನ ಕಷ್ಟವನ್ನು ರೈತನ ಕಣ್ಣಿನಿಂದ ಕಂಡದ್ದು ಈ ಒಂದು ಕೆಲಸವೆಂದು ನನಗೆ ಅನ್ನಿಸುತ್ತದೆ. ಸರಕಾರದ ಕಣ್ಣು ತೆರೆಯಲು ಇನ್ನೂ ಕೆಲವು ವರ್ಷ ಬೇಕಾಯಿತು. ಬೀಜಕ್ಕೂ ದನಕ್ಕೂ ಸಾಲ ಕೊಡುವ ಕಾಯಿದೆ 1884ರಲ್ಲಿ ಬಂತು.

ಇಲ್ಲಿ ಎತ್ತು ತೊಗಲಿನ ಬೆಲೆಗೆ ಹೋಗುತ್ತಿದ್ದ ಅದೇ 1876ರಲ್ಲಿ ಫ್ರಾನ್ಸಿನಿಂದ ಫ್ರಿಗೊರಿಫಿಕ್ ಎಂಬ ಹಡಗು ಅರ್ಜೆಂಟೀನಾಕ್ಕೆ ಹೊರಟಿತು, ಮಾಂಸವನ್ನು ಕೆಡದಂತೆ ತಂಪಾಗಿಟ್ಟು ಸಾಗರ ದಾಟಿಸಬಹುದೆಂದು ತೋರಿಸಲು. 1880ರ ಆರಂಭದಲ್ಲಿ ಸ್ಟ್ರಾತ್‌ಲೆವೆನ್ ಹಡಗು ಆಸ್ಟ್ರೇಲಿಯಾದ ಮಾಂಸವನ್ನು ಲಂಡನ್ನಿಗೆ ಮುಟ್ಟಿಸಿತು. ಮಾಂಸಕ್ಕಾಗಿಯೇ ಲಕ್ಷಗಟ್ಟಲೆ ದನ ಸಾಕುವ ಬಯಲುಗಳು ಅಮೆರಿಕದಲ್ಲಿ, ಅರ್ಜೆಂಟೀನಾದಲ್ಲಿ ಬೆಳೆದದ್ದು ಈ ದಶಕಗಳಲ್ಲಿ. ಅಲ್ಲಿಯ ಸಾಕಣೆದಾರನಿಗೆ ಬರ ಬಂದರೆ ನಷ್ಟ. ಹಿಂಡನ್ನು ಮಾರಿ ಮುಂದಿನ ವರ್ಷ ಮತ್ತೆ ಕಟ್ಟುತ್ತಾನೆ. ಇಲ್ಲಿಯ ರೈತನಿಗೆ ಆ ದನವೇ ನೇಗಿಲು, ಬಂಡಿ, ನೀರಿನ ಕಪಿಲೆ, ಗೊಬ್ಬರ. ಅದನ್ನು ಮಾರಿದರೆ ಹೊಲವನ್ನೇ ಮಾರಿದ ಲೆಕ್ಕ. ನಮ್ಮ ಎರೆ ಭೂಮಿಗೆ ಕಂತಿನ ಮೇಲೆ ಬರುತ್ತಿದ್ದ ನೆಲ್ಲೂರಿನ ಬಿಳಿ ತಳಿ ಆ ಕಾಲದಲ್ಲೇ ಬ್ರೆಜಿಲ್ ದೇಶವನ್ನೂ ಸೇರಿತು. ಅಲ್ಲಿ ಅದೇ ಊರಿನ ಹೆಸರಿನಲ್ಲಿ ನೆಲೋರೆ ಎಂದು ಕರೆಸಿಕೊಂಡು, ಇಂದು ಆ ದೇಶದ ಮಾಂಸದ ಉದ್ಯಮವನ್ನೇ ಹೊತ್ತು ನಿಂತಿದೆ.

ಬರ ಮತ್ತೆ ಬಂತು, 1891ರಲ್ಲಿ, 1896ರಲ್ಲಿ, 1900ರಲ್ಲಿ. ಈ ನಡುವೆ 1882ರ ಮದರಾಸ್ ಅರಣ್ಯ ಕಾಯಿದೆ ಗುಡ್ಡಗಳಿಗೆ ಗಡಿಕಲ್ಲು ಹಾಕಿತು. ತಲೆಮಾರುಗಳಿಂದ ಬಿಟ್ಟು ಮೇಯಿಸಿದ ಗುಡ್ಡದಲ್ಲಿ ಮೇಯಿಸಲು ಚೀಟಿ ಪಡೆದು ಹುಲ್ಲುಬನ್ನಿ ಕಟ್ಟಬೇಕಾಯಿತು. ಕಾಡು ಉಳಿಯಬೇಕೆಂಬುದು ನಿಜವೇ, ಬರದಲ್ಲಿ ಕೊನೆಗೆ ದನಗಳನ್ನು ಒಳಗೆ ಬಿಟ್ಟದ್ದೂ ಆ ಮೀಸಲು ಕಾಡುಗಳಿಗೇ. ಆದರೆ ಒಳ್ಳೆಯ ವರ್ಷದಲ್ಲಿ ದನ ಮೇಯಿಸಿ ಬದುಕುವವನ ಕೈಕಟ್ಟಿದ್ದರಿಂದ ಹಳ್ಳಿಯ ಮಂದೆಗಳು ಕರಗಿದವು. ಚರ್ಮದ ಪೇಟೆಯೂ ಹೊರಳಿತು. ಕ್ರೋಮ್ ಎಂಬ ಹೊಸ ಹದ ಬಂದ ಮೇಲೆ ಹಸಿ ತೊಗಲಿಗೇ ಗಿರಾಕಿಗಳು ಹೆಚ್ಚಿದರು, ತಂಗಡಿಯ ತೊಗಟೆಗೆ ಬೆಲೆ ಇಳಿಯಿತು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಬೂಟಿಗೆಂದು ಮದರಾಸಿನ ಹದದ ಚರ್ಮಕ್ಕೆ ಒಮ್ಮೆ ಸುಗ್ಗಿ ಬಂತು. ಯುದ್ಧ ಮುಗಿದ ಮೇಲೆ ಅದೂ ತಣ್ಣಗಾಯಿತು. ಬಳ್ಳಾರಿಯ ದಂಡೂ ಕ್ರಮೇಣ ಖಾಲಿಯಾಯಿತು, ಕೌಲ್ ಬಜಾರಿನ ಮಾಂಸದ ಗುತ್ತಿಗೆಗಳು ಮುಗಿದವು.

ಈ ಎಲ್ಲ ಪೇಟೆಗಳಿಗೂ ಬಾಗಿಲು ಹಾಕಿಕೊಂಡ ಮಂದೆಯೊಂದಿದೆ. ಮೊಳಕಾಲ್ಮೂರು, ಚಳ್ಳಕೆರೆ, ಕೂಡ್ಲಿಗಿ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳು. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಕೊಯ್ಯುವುದಿಲ್ಲ. ಕಿಲಾರಿಯೆಂಬವನು ಅವುಗಳ ಸೇವೆಗೆಂದೇ ಬದುಕು ಮುಡಿಪಿಡುತ್ತಾನೆ. ಮೇವು ಕಂಡಲ್ಲಿಗೆ ಮಂದೆಯೊಂದಿಗೆ ನಡೆಯುತ್ತಾನೆ.

ಇತ್ತ ಸಿರುಗುಪ್ಪದಲ್ಲಿ 1937ರಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರ ತೆರೆದರು. ಮುಂದೆಂದೋ ತುಂಗಭದ್ರೆಗೆ ಅಣೆಕಟ್ಟು ಕಟ್ಟಿದರೆ ಎರೆ ಭೂಮಿ ನೀರನ್ನು ತಾಳೀತೆ ಎಂದು ನೋಡುವುದೇ ಅದರ ಕೆಲಸ. 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪಗಳ ಬಯಲಿಗೆ ನೀರು ತಂದಿತು, ಜೋಳದ ಹೊಲ ಗದ್ದೆಯಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ಕೆಸರು ತುಳಿಯುವ ಕೆಲಸಕ್ಕೆ ನೆಲ್ಲೂರಿನ ಬಿಳಿ ಎತ್ತಿಗಿಂತ ಕೋಣವೇ ಲೇಸಾಯಿತು, ಆಮೇಲೆ ಟ್ರಾಕ್ಟರ್ ಬಂತು. ದೊಡ್ಡ ಮಡಿಕೆಗೆ ಆರು ಜೋಡಿ ಕೂಡಿಸುವ ಮುಯ್ಯಾಳಿನ ಕಟ್ಟು ಬಿಚ್ಚಿಹೋಯಿತು.

ಆದರೆ ಮೇವು ಬಂತು. ಸಿರುಗುಪ್ಪದ ನೆಲ್ಲುಹುಲ್ಲು ಈಗ ಸರಕು. ಮಳೆ ತಪ್ಪಿದ ವರ್ಷ ಕೂಡ್ಲಿಗಿ, ಮೊಳಕಾಲ್ಮೂರಿನ ಕಡೆಯ ರೈತರು ಲಾರಿ ಬಾಡಿಗೆಗೆ ಹಿಡಿದು ಇಲ್ಲಿಯ ಗದ್ದೆಗಳಿಗೆ ಬರುತ್ತಾರೆ, ಹುಲ್ಲಿನ ಹೊರೆಗೆ ಚೌಕಾಸಿ ಮಾಡುತ್ತಾರೆ. ಧಾತುವಿನ ಬರದಲ್ಲಿ ಬಾರದ ಮೇವು ಈಗ ಒಂದು ರಾತ್ರಿಯ ದಾರಿ. ಬರ ಹೆಚ್ಚಿದಂತೆ ಹುಲ್ಲಿನ ಧಾರಣೆಯೂ ಏರುತ್ತದೆ, ಲಾರಿಯ ಬಾಡಿಗೆಯೂ ಏರುತ್ತದೆ. ಹೊಟ್ಟೆ ತುಂಬ ಮೇವು ಹಾಕಿ ಎತ್ತು ಉಳಿಸಿಕೊಳ್ಳುವುದೋ, ಸಂತೆಗೆ ಹೊಡೆಯುವುದೋ ಎಂಬ ಲೆಕ್ಕ ಒಣಸೀಮೆಯ ರೈತನಿಗೆ ಇಂದಿಗೂ ತಪ್ಪಿಲ್ಲ. ಕಿಲಾರಿಗೆ ಮಾತ್ರ ಆ ಆಯ್ಕೆಯಿಲ್ಲ. ದೇವರ ಎತ್ತಿಗೆ ಸಂತೆಯ ದಾರಿಯಿಲ್ಲದ್ದರಿಂದ, ಅವನ ಸಮುದಾಯ ಮನೆಮನೆಯಿಂದ ಕಾಸು ಎತ್ತಿ ಲಾರಿಗೆ ಹುಲ್ಲು ತುಂಬಿಸುತ್ತದೆ, ಸಾಲದಿದ್ದರೆ ತಹಶೀಲ್ದಾರರ ಕಚೇರಿಯ ಮುಂದೆ ನಿಂತು ಗೋಶಾಲೆ ತೆರೆಯಿರೆಂದು ಕೇಳುತ್ತದೆ.